ಆರನೆಯ ಮೊಳಕೆ

ಚಳಿ ಇನ್ನೂ ಪೂರ್ತಿ ಬಿಟ್ಟುಹೋಗಿರುವುದಿಲ್ಲ, ವಸಂತ ಇನ್ನೂ ಪೂರ್ತಿ ಬಂದು ಸೇರಿರುವುದಿಲ್ಲ. ಋತುಗಳೆರಡೂ ಹೊಸಿಲಿನ ಆಚೆಗೊಂದು ಈಚೆಗೊಂದು ನಿಂತು ‘ತಾವು ಮೊದಲು, ತಾವು ಮೊದಲು’ ಎಂದು ಉಪಚಾರ ಹೇಳಿಕೊಳ್ಳುತ್ತಿರುವ ಆ ದಿನಗಳಲ್ಲಿ, ಚೀನಾದ ಶಾವ್‌ಶಿಂಗ್ ಪಟ್ಟಣದ ಕಾಲುವೆಗಳ ಮೇಲೆ ಬೆಳಗಿನ ಮಂಜು ಹಾಲಿನ ಕೆನೆಯಂತೆ ಕಟ್ಟಿಕೊಂಡಿರುತ್ತದೆ. ಕಲ್ಲುಸೇತುವೆಗಳ ಅರ್ಧವೃತ್ತಗಳು ನೀರಿನಲ್ಲಿ ತಮ್ಮ ಇನ್ನರ್ಧವನ್ನು ಕಂಡು ಪರಿಪೂರ್ಣವಾಗುತ್ತವೆ. ಕಪ್ಪು ಬಿದಿರಿನ ಚಾವಣಿ ಹೊತ್ತ ದೋಣಿಗಳು, ಹುಟ್ಟನ್ನು ಕಾಲಿನಿಂದ ತುಳಿಯುವ ಅಂಬಿಗರ ಕೆಮ್ಮನ್ನೂ ಬೈಗುಳವನ್ನೂ ಹೇರಿಕೊಂಡು, ಆ ವೃತ್ತಗಳ ನಡುವೆ ನುಸುಳಿಹೋಗುತ್ತವೆ. ಸುಣ್ಣದ ಬಿಳಿಗೋಡೆಗಳ ಮೇಲೆ ಜಲದ ಬೆಳಕು ಸಣ್ಣಗೆ ನಡುಗುತ್ತಿರುತ್ತದೆ... ಆಗ, ಓದುಗ ಮಹಾಶಯರೇ, ಯಾವುದೋ ಒಂದು ಅಂಗಳದಿಂದ ಒಂದು ಪರಿಮಳ ಹೊರಡುತ್ತದೆ. ಹುಡುಕಿಕೊಂಡು ಹೋದರೆ ಸಿಕ್ಕುವುದಿಲ್ಲ. ಹಾಳಾಗಲಿ ಎಂದು ತಿರುಗಿದರೆ ಬೆನ್ನ ಹಿಂದೆಯೇ ಬಂದು ನಿಂತಿರುತ್ತದೆ! ಲಾನ್ ಎಂದು ನಾವು ಕರೆಯುವ ವಸಂತದ ಆರ್ಕಿಡ್ ಅದು. ಹುಲ್ಲಿನಂಥ ಎಲೆ, ಹಸುರು ಮೇಣದಂಥ ಪುಟ್ಟ ಹೂ, ನೋಡಿದರೆ ‘ಇಷ್ಟೇಯಾ?’ ಅನ್ನಿಸಬೇಕು. ಹೂವಿನ ಹತ್ತಿರಕ್ಕೆ ಮೂಗು ಒಯ್ಯುವವನನ್ನು ನಮ್ಮೂರಲ್ಲಿ ಒರಟನೆನ್ನುತ್ತಾರೆ. ಎರಡು ಹೆಜ್ಜೆ ದೂರ ಕೂತು, ಗಂಧ ತಾನಾಗಿ ಬರುವ ತನಕ ಕಾಯಬೇಕು.

ಕಾಯುವುದರಲ್ಲಿ ರುವಾನ್ ಮೇಷ್ಟ್ರ ಮಗಳನ್ನು ಮೀರಿಸಿದವರು ಈ ಊರಲ್ಲಿ ಯಾರೂ ಇರಲಿಲ್ಲ.

ಚಕ್ರವರ್ತಿಗಳ ಆಳ್ವಿಕೆ ಮುಗಿದು, ಗಂಡಸರು ಉದ್ದ ಜಡೆ ಕತ್ತರಿಸಿ ಹಾಕಿ ಒಂದು ತಲೆಮಾರು ಕಳೆದಿದ್ದ ಕಾಲದ ಮಾತಿದು. ಆದರೂ ಜಡೆಗಿಂತ ಉದ್ದವಾದ ಎಷ್ಟೋ ಸಂಪ್ರದಾಯಗಳು ಆಗಲೂ ಹಾಗೇ ತೂಗುತ್ತಿದ್ದವು. ರುವಾನ್ ಬೋಚಾಂಗ್ ಎಂಬ ಈ ಮೇಷ್ಟ್ರು ಅರ್ಧ ಊರಿನ ಮಕ್ಕಳಿಗೆ ಕುಂಚ ಹಿಡಿಯಲು ಕಲಿಸಿದವರು. ಐವತ್ತು ದಾಟುವ ಹೊತ್ತಿಗೆ ಕಣ್ಣಿನ ದೀಪ ಸಣ್ಣಗಾಗುತ್ತ ಬಂದು, ಒಂದು ಹೇಮಂತದಲ್ಲಿ ಆರಿಯೇಹೋಯಿತು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಉಳಿದವರು ಇಬ್ಬರು: ಮಗಳು ಸುಯುನ್, ಮತ್ತು ಅಂಗಳದ ಬಡಗುಗೋಡೆಯ ನೆರಳಲ್ಲಿ ಕಲ್ಲಿನ ಪೀಠದ ಮೇಲೆ ಕೂತ ಒಂದು ಎತ್ತರದ ಮಣ್ಣಿನ ಕುಂಡ. ಆ ಕುಂಡದಲ್ಲಿದ್ದ ಲಾನ್ ಮೇಷ್ಟ್ರ ಹೆಂಡತಿ ತವರಿನಿಂದ ಮಡಿಲಲ್ಲಿಟ್ಟುಕೊಂಡು ತಂದದ್ದು. ಅವಳ ವಂಶದಲ್ಲಿ ಹೆಣ್ಣುಮಗಳು ಗಂಡನ ಮನೆಗೆ ಹೊರಟಾಗ ಅರಿವೆ, ಬಳೆ, ಪೆಟ್ಟಿಗೆಗಳ ಜೊತೆಗೆ ಮನೆಯ ಲಾನ್‌ನ ಒಂದು ಪಾಲೂ ಹೊರಡಬೇಕು; ಅದಿಲ್ಲದೆ ಹೆಣ್ಣು ಹೊಸಿಲು ದಾಟುವಂತಿಲ್ಲ. ಪಾಲೆಂದರೆ ಒಂದಕ್ಕೊಂದು ಬೆಸೆದ ಮೂರು ಬುಡ. ಮೂರು ಹೋಗಬೇಕು, ಮೂರು ಉಳಿಯಬೇಕು. ಮೂರಕ್ಕಿಂತ ಕಮ್ಮಿಯಾದರೆ ಗಿಡ ಬದುಕುವುದಿಲ್ಲವೆಂಬುದು ನಮ್ಮೂರ ಲಾನ್ ಬೆಳೆಗಾರರ ಪಾಲಿಗೆ ಶಾಸ್ತ್ರವಾಕ್ಯ.

ಸುಯುನಳ ಕುಂಡದಲ್ಲಿ ಇದ್ದದ್ದು ಐದು ಬುಡ.

ಅಷ್ಟೇ ವಿಷಯ! ಒಂದು ಬುಡ ಕಮ್ಮಿ. ಅದೊಂದು ಮೊಳೆತು ನಿಂತಿದ್ದರೆ, ಸರೋವರದ ಆಚೆಯ ಮದ್ಯದ ಹಳ್ಳಿಯ ತಾವ್ ಯಾನ್‌ಪಿಂಗ್ ಅವಳನ್ನು ಕೆಂಪು ಬಟ್ಟೆ ಹೊದಿಸಿದ ದೋಣಿಯಲ್ಲಿ ಕೂರಿಸಿಕೊಂಡು ಯಾವತ್ತೋ ಹೋಗಿರುತ್ತಿದ್ದ. ಯಾನ್‌ಪಿಂಗ್ ಅಕ್ಕಿಯ ಮದ್ಯ ಮಾಡುವವನು. ಜಾಡಿಗೆ ಕಿವಿಯಾನಿಸಿ ಹುದುಗಿನ ಗುಳುಗುಳು ಕೇಳಿ, ‘ಇದಕ್ಕೆ ಇನ್ನೂ ಎರಡು ದಿನ ಬೇಕು’ ಎಂದು ಹೇಳಬಲ್ಲವನು. ಅಂಥವನಿಗೆ ಕಾಯುವುದು ಕಸುಬಿನಿಂದಲೇ ಬಂದಿತ್ತು. ಮೇಷ್ಟ್ರ ಮನೆಯ ಮೆಟ್ಟಿಲಿಗೆ ಜಾಡಿ ಇಳಿಸಲು ಬಂದ ಒಂದು ವಸಂತದ ಬೆಳಿಗ್ಗೆ, ಬಾಗಿಲು ತೆರೆದ ಸುಯುನಳ ಹಿಂದಿನಿಂದ ಬಂದ ಆ ಪರಿಮಳ ಅವನ ಎದೆಗೆ ತಾಗಿ, ಅದು ಹೂವಿನದೋ ಅವಳದೋ ಎಂದು ಬೇರ್ಪಡಿಸಲು ಅವನಿಗೆ ಇಂದಿನ ತನಕ ಬಂದಿಲ್ಲ. ಅಂದಿನಿಂದ ವರ್ಷ ವರ್ಷವೂ ಬೇಸಗೆಯ ಆರಂಭಕ್ಕೆ ಕುಂಡದಲ್ಲಿ ಆರನೆಯ ಮೊಳಕೆ ಮಣ್ಣು ಸೀಳಿ ತಲೆ ತೋರಿಸುತ್ತಿತ್ತು. ವರ್ಷ ವರ್ಷವೂ ಪ್ಲಮ್ ಹಣ್ಣಾಗುವ ಕಾಲದ ಜಡಿಮಳೆಯಲ್ಲಿ, ಗೋಡೆಗೋಡೆಗೆ ಬೂಷ್ಟು ಹಿಡಿಯುವ ಆ ದಿನಗಳಲ್ಲಿ, ಕಾಣದಾಗುತ್ತಿತ್ತು. ‘ಮಳೆಗೆ ಕೊಳೀತು’ ಎನ್ನುತ್ತಿದ್ದರು ಮೇಷ್ಟ್ರು. ‘ಮಳೆಗೆ ಕೊಳೀತಂತೆ’ ಎನ್ನುತ್ತಿತ್ತು ಊರು. ಸುಯುನ್ ಮೂವತ್ತು ದಾಟಿದಳು.

ಮನೆ ಅಳಿಯನಾಗಿ ಬಾ ಎನ್ನಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಅಯ್ಯೋ, ಅದು ಬಾಯಲ್ಲಿ ಹೇಳುವಷ್ಟು ಸುಲಭವೇ? ಹೆಣ್ಣಿನ ಮನೆಗೆ ಬಂದ ಗಂಡಿನ ಮಕ್ಕಳು ಹೆಣ್ಣಿನ ಕುಲದ ಹೆಸರು ಹೊರಬೇಕು. ಯಾನ್‌ಪಿಂಗ್ ತನ್ನ ಕುಲಕ್ಕೆ ಒಬ್ಬನೇ ಮಗ, ಅವನ ಪೂರ್ವಜರಿಗೆ ಧೂಪ ಹಚ್ಚುವವರು ಬೇರೆ ಯಾರೂ ಇಲ್ಲ. ಅವನು ಹೇಳಲಾರ, ಅವಳು ಕೇಳಲಾರಳು.

ಆ ವಸಂತದಲ್ಲಿಯೂ ಅವನ ದೋಣಿ ಬಂತು. ಮೆಟ್ಟಿಲ ಪಕ್ಕದಲ್ಲಿ ಹುದುಗಿಸಿದ ಸೋಯಾ ತೋಫು ಕರಿದು ಮಾರುವ ಜಿನ್ ಅಜ್ಜಿ, ಮೇಷ್ಟ್ರ ನೆರೆಮನೆಯವಳು, ಬಾಯಿಗೆ ಬೀಗವೆಂಬುದನ್ನು ಕಂಡರಿಯದವಳು, ಜಾಲರಿ ಸೌಟು ಎತ್ತಿಹಿಡಿದೇ ಕೂಗಿದಳು:

“ಬಂದ್ಯಾ ಮದುಮಗ? ಮೇಷ್ಟ್ರು ಮಗಳು ಹುಟ್ಟಿದಾಗ ಮದುವೆಗೆ ಅಂತ ಹೂತಿಟ್ಟ ಮದ್ಯದ ಜಾಡಿ ಇನ್ನೂ ಮಣ್ಣಲ್ಲೇ ಇದೆ ಕಣೋ. ಅದು ಹಳೇದಾದಷ್ಟೂ ರುಚಿ ಅಂತಾರೆ. ನೀನೂ ಹಾಗೇ ಅಂದ್ಕೊಂಡಿದ್ಯೋ ಹೇಗೆ?”

“ನಾನು ರುಚಿ ಆಗ್ತಿದೀನೋ ಹುಳಿ ಆಗ್ತಿದೀನೋ ನೀನೇ ನೋಡಿ ಹೇಳಜ್ಜಿ.”

“ನಿನ್ನ ಮುಖ ನೋಡಿದ್ರೆ ವಿನೆಗರ್ ಅಂಗಡಿ ಇಡಬಹುದು. ಹೋಗು, ಒಳಗೆ ಹೋಗು, ಹೂ ಬಿಟ್ಟಿದೆ.”

ಒಳಗೆ ಅಂಗಳದಲ್ಲಿ ಮೇಷ್ಟ್ರು ಬಿದಿರಿನ ಕುರ್ಚಿಯಲ್ಲಿ, ಕುಂಡದಿಂದ ಎರಡು ಹೆಜ್ಜೆ ದೂರ, ಮುಖ ಸ್ವಲ್ಪ ಮೇಲಕ್ಕೆತ್ತಿ ಕೂತಿದ್ದರು. ಹೂವನ್ನು ಅವರು ಕಾಣಲಾರರು. ಆದರೆ ಗಂಧ ಬಂದು ಹೋಗುವ ಪ್ರತಿ ಹೊಯ್ಲಿಗೂ ಅವರ ತುಟಿ ಒಂದಿಷ್ಟು ಅಲುಗುತ್ತಿತ್ತು. ಯಾರೊಡನೆಯೋ ಮಾತಾಡುವಂತಿತ್ತು ಅದು... ಯಾರೊಡನೆ ಎಂದು ಸುಯುನಳಿಗೆ ತಿಳಿದಿತ್ತು. ಅಮ್ಮ ವರ್ಷಕ್ಕೊಮ್ಮೆ ಆ ಗಂಧದಲ್ಲಿ ಮನೆಗೆ ಬರುತ್ತಾಳೆಂಬುದು ಅಪ್ಪನ ನಂಬಿಕೆ. ಚಹಾ ತಂದಿಟ್ಟ ಅವಳು ಯಾನ್‌ಪಿಂಗನನ್ನು ನೋಡಲಿಲ್ಲ. ನೋಡದೆಯೇ ಅವನ ಬಟ್ಟಲನ್ನು ಅವನ ಕೈ ಸೇರುವಲ್ಲಿಗೇ ಇಟ್ಟಳು. ಬಟ್ಟಲು ಬಿಟ್ಟ ಬೆರಳುಗಳೂ ಬಟ್ಟಲು ಹಿಡಿದ ಬೆರಳುಗಳೂ ಒಂದು ಕ್ಷಣ ಅದೇ ಬಿಸಿಯಲ್ಲಿದ್ದವು. ಇಷ್ಟು ವರ್ಷಗಳ ಪ್ರೇಮದಲ್ಲಿ ಅವರಿಗೆ ಸಿಕ್ಕಿದ ಸ್ಪರ್ಶವೆಂದರೆ ಅಷ್ಟೇ ಎಂದರೆ ಈಗಿನವರು ನಗುತ್ತಾರೆ. ನಗಲಿ!

ಹೊರಡುವಾಗ ಬಾಗಿಲಲ್ಲಿ ಅವನು ತಲೆ ತಗ್ಗಿಸಿ ಹೇಳಿದ:

“ಸುಯುನ್, ನಮ್ಮ ಚಿಕ್ಕಮ್ಮ ಪಕ್ಕದೂರಲ್ಲಿ ಒಂದು ಹೆಣ್ಣು ನೋಡಿದಾರೆ. ಸಾಯೋ ಮುಂಚೆ ನನ್ನ ಮನೇಲಿ ಒಂದು ಒಲೆ ಉರಿಯೋದು ನೋಡ್ಬೇಕಂತೆ. ಶರತ್ ಹುಣ್ಣಿಮೆ ಹಬ್ಬದ ತನಕ ತಡೀರಿ ಅಂದಿದೀನಿ. ಅದರಿಂದ ಆಚೆಗೆ ತಡಿಯೋಕೆ ನನ್ನ ಕೈಲಿ ಆಗಲ್ಲ.”

“ನಿಮ್ಮನ್ನ ತಡೆದಿಟ್ಟಿರೋಳು ನಾನಲ್ಲ.”

“ಗೊತ್ತು. ತಡೆದಿಟ್ಟಿರೋಳು ನೀನಾಗಿದ್ರೆ ಸಾಯೋ ತನಕ ನಿಂತಿರ್ತಿದ್ದೆ.”

ಅವನು ದೋಣಿ ಹತ್ತಿದ. ಒಳಗೆ ಕುರ್ಚಿಯ ಮೇಲೆ ಕೂತ ಮೇಷ್ಟ್ರಿಗೆ ಈ ಮಾತುಗಳೆಲ್ಲ ಕೇಳಿಸಿದ್ದವು. ಕುರುಡನ ಮನೆಯಲ್ಲಿ ಗುಟ್ಟು ನಿಲ್ಲುವುದು ಕಷ್ಟ.

ಆ ವರ್ಷದ ಬೇಸಗೆ ವಿಚಿತ್ರವಾಗಿತ್ತು. ಮೊಳಕೆಯೇನೋ ಎಂದಿನಂತೆ ಬಂತು, ಮಣ್ಣಿನ ಪದರವನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದ ನಸುಗೆಂಪು ಸುಳಿ, ಹಕ್ಕಿಮರಿಯ ಕೊಕ್ಕಿನಷ್ಟು. ಆದರೆ ಮಳೆ ಬರಲಿಲ್ಲ! ಪ್ಲಮ್ ಹಣ್ಣು ಹಳದಿಯಾಯಿತು, ಉದುರಿತು, ಉಪ್ಪಿನ ಜಾಡಿ ಸೇರಿತು. ಆಕಾಶ ಮಾತ್ರ ತೊಳೆದಿಟ್ಟ ಬಟ್ಟಲಿನಂತೆ ಖಾಲಿಯಾಗಿಯೇ ಉಳಿಯಿತು. ಕಾಲುವೆಯ ನೀರು ಇಳಿದಿಳಿದು, ಯಾವತ್ತೂ ಬೆಳಕು ಕಾಣದ ಮೆಟ್ಟಿಲುಗಳೂ ಪಾಚಿ ಒಣಗಿಸಿಕೊಂಡು ಹೊರಗೆ ಬಂದವು. ಸುಯುನ್ ಹಿಂದಿನ ಚಳಿಗಾಲದ ಹಿಮ ಕರಗಿಸಿ ಜಾಡಿಯಲ್ಲಿ ಕೂಡಿಟ್ಟಿದ್ದ ನೀರನ್ನು ಸೌಟಿನಲ್ಲಿ ಎತ್ತಿ, ಎಲೆಗೆ ತಾಗದಂತೆ ಕುಂಡದ ಅಂಚಿನಿಂದ, ಹಸುಗೂಸಿಗೆ ಔಷಧಿ ಕುಡಿಸುವಂತೆ ಹನಿಸುತ್ತಿದ್ದಳು. ಬಿಸಿಲಿಗೆ ಜೊಂಡಿನ ಚಾಪೆ ಇಳಿಬಿಟ್ಟಳು. ಅಡುಗೆಮನೆಯ ಹೊಗೆ ಆ ಕಡೆ ಹೋಗದಂತೆ ಒಲೆಯ ಬಾಯನ್ನೇ ತಿರುಗಿಸಿದಳು. ಬಸವನಹುಳು ಬಾರದಂತೆ ಪೀಠದ ಸುತ್ತ ಬೂದಿಯ ಗೆರೆ ಎಳೆದಳು. ಕೊಳೆಸುವ ಮಳೆಯೇ ಇಲ್ಲದ ವರ್ಷ... ಈ ಸಲ ನಿಲ್ಲುತ್ತದೆ! ಈ ಸಲ ನಿಂತೇ ನಿಲ್ಲುತ್ತದೆ! ಅವಳು ಹಾಡಿಕೊಳ್ಳುವುದನ್ನು ಜಿನ್ ಅಜ್ಜಿ ಎಷ್ಟೋ ವರ್ಷಗಳ ಮೇಲೆ ಗೋಡೆಯಾಚೆಯಿಂದ ಕೇಳಿದಳು.

ಮೇಷ್ಟ್ರೂ ಕೇಳಿದರು.

ಒಂದು ಬೆಳಿಗ್ಗೆ, ಗಂಜಿ ಕುದಿಯಲಿಟ್ಟು ಸುಯುನ್ ಅಡುಗೆಮನೆಯ ಬಾಗಿಲಿಗೆ ಬಂದಾಗ, ಅಪ್ಪ ಗೋಡೆ ಸವರಿಕೊಂಡು ಕುಂಡದತ್ತ ಹೋಗುತ್ತಿರುವುದು ಕಂಡಿತು. ಬೀಳಬಾರದೆಂದು ಹಿಂದೆಯೇ ಹೊರಟವಳು ಏಕೋ ನಿಂತಳು. ಅವರು ಪೀಠದ ಮುಂದೆ ಕುಕ್ಕರಗಾಲಲ್ಲಿ ಕೂತರು. ಕುಂಚ ಹಿಡಿದು ಸಾವಿರ ಅಕ್ಷರ ತಿದ್ದಿಸಿದ ಆ ಬೆರಳುಗಳು ಎಲೆಗಳ ನಡುವೆ ಒಂದನ್ನೂ ಬಾಗಿಸದೆ ಇಳಿದವು, ಬುಡದಿಂದ ಬುಡಕ್ಕೆ ನಡೆದವು, ಸುಳಿಯನ್ನು ಕಂಡುಕೊಂಡವು. ಬಹಳ ಹೊತ್ತು ಅದನ್ನು ನೇವರಿಸಿದರು, ನಿದ್ದೆಹೋದ ಮಗುವಿನ ತಲೆ ನೇವರಿಸುವಂತೆ. “ಇದೊಂದು ಸಲ,” ಎಂದು ಪಿಸುಗುಟ್ಟಿದರು. ಅವರ ಮಾತು ಇದ್ದದ್ದು ಸತ್ತ ಹೆಂಡತಿಯೊಂದಿಗೆ. “ಇದೊಂದು ಸಲ ಕ್ಷಮಿಸು.” ಆಮೇಲೆ ಹೆಬ್ಬೆರಳು ಮಡಚಿ, ಉಗುರಿನಿಂದ ಮುರಿದರು.

ಸದ್ದೇ ಆಗಲಿಲ್ಲ. ಮುರಿದ ಸುಳಿಯನ್ನು ಅಂಗಿಯ ತೋಳೊಳಗೆ ಹಾಕಿಕೊಂಡು, ಮಣ್ಣನ್ನು ಮತ್ತೆ ಸಮ ಮಾಡಿ, ಅವರು ಅಲ್ಲೇ ಕೂತರು.

ಎಷ್ಟು ಬೇಸಗೆಗಳು! ಎಷ್ಟು ಸುಳಿಗಳು! ಎಲ್ಲವೂ ಒಂದೇ ಸಲಕ್ಕೆ ಸುಯುನಳ ಕಣ್ಣ ಮುಂದೆ ಸಾಲಾಗಿ ನಿಂತವು. ಮಳೆ ಪಾಪ, ಏನೂ ಮಾಡಿರಲಿಲ್ಲ. ಅವಳಿಗೆ ಸಿಟ್ಟು ಬಂತು. ಸುಳ್ಳು ಹೇಳಲಾರೆ, ಓದುಗರೇ, ಸದ್ಗುಣಿ ಹೆಣ್ಣುಮಗಳ ಕಣ್ಣಲ್ಲಿ ಒಡನೆ ಕರುಣೆ ತುಂಬಿತೆಂದು ಬರೆದರೆ ನನ್ನ ಲೇಖನಿ ಮುರಿಯಲಿ. ಕುಂಡವನ್ನೆತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಬೇಕೆನ್ನಿಸಿತು. ‘ನನ್ನ ವಯಸ್ಸನ್ನು ಚಿವುಟಿ ತೋಳಿನಲ್ಲಿ ಬಚ್ಚಿಟ್ಟುಕೊಂಡಿರಲ್ಲ!’ ಎಂದು ಬೀದಿಗೆ ಕೇಳುವಂತೆ ಕೂಗಬೇಕೆನ್ನಿಸಿತು. ಬಾಯಿ ತೆರೆದೂಬಿಟ್ಟಳು... ಆಗ ಅಪ್ಪನ ಕಾಲು ಕಂಡಿತು. ಎಡದ ಮೆಟ್ಟು ಬಲಕ್ಕೆ, ಬಲದ್ದು ಎಡಕ್ಕೆ. ದಿನವೂ ಅವಳೇ ಮಂಚದ ಬಳಿ ಅವನ್ನು ಸರಿಯಾಗಿ ಜೋಡಿಸಿಡುತ್ತಿದ್ದಳು. ಇಂದು ಅವಳು ಜೋಡಿಸಿಡುವ ಮೊದಲೇ, ಅವಳಿಗೆ ತಿಳಿಯದಂತೆ, ತಾವೇ ತಡವರಿಸಿ ಹಾಕಿಕೊಂಡು ಬಂದಿದ್ದರು. ನಾಳೆ ಇವುಗಳನ್ನು ಯಾರು ಜೋಡಿಸಿಡುತ್ತಾರೆ? ಸಿಟ್ಟು ಹೋಗಲಿಲ್ಲ. ಅದರ ಪಕ್ಕದಲ್ಲಿ ಅಷ್ಟೇ ಭಾರದ ಇನ್ನೊಂದು ಬಂದು ಕೂತಿತು. ಒಲೆಯ ಮೇಲೆ ಗಂಜಿ ಉಕ್ಕಿತು. ಅವಳು ಒಳಗೆ ಹೋದಳು. ಮಧ್ಯಾಹ್ನ ಎಂದಿನಂತೆ ಮೀನಿನ ಮುಳ್ಳು ತೆಗೆದು ಅಪ್ಪನ ಬಟ್ಟಲಿಗೆ ಹಾಕಿದಳು. ಅಂದು ಒಂದು ಮುಳ್ಳು ಉಳಿದುಬಿಟ್ಟಿತ್ತು. ಮೇಷ್ಟ್ರು ಅದನ್ನು ಸದ್ದಿಲ್ಲದೆ ಬಾಯಿಂದ ತೆಗೆದು ತಟ್ಟೆಯ ಅಂಚಿಗಿಟ್ಟರು.

ಕೆಲವು ದಿನಗಳ ಮೇಲೆ ಯಾನ್‌ಪಿಂಗನ ದೋಣಿ ಬಂತು. ನೀರು ಇಳಿದಿದ್ದುದರಿಂದ ಅದು ಮೆಟ್ಟಿಲಿನ ತೀರ ಕೆಳಗೆ ನಿಲ್ಲಬೇಕಾಯಿತು. ಅವನು ಬೆವರು ಒರೆಸಿಕೊಳ್ಳುತ್ತ ಮೇಲೆ ನೋಡಿದ. ಸುಯುನ್ ಬಾಗಿಲಲ್ಲಿ ನಿಂತಿದ್ದಳು. ಅವಳ ಬೆನ್ನ ಹಿಂದೆ, ಅಂಗಳದಲ್ಲಿ, ಬಿದಿರಿನ ಕುರ್ಚಿ ಕಿರುಗುಟ್ಟುತ್ತಿದ್ದುದು ಒಮ್ಮೆಲೇ ನಿಂತಿತು.

“ಮೊಳಕೆ ಹೇಗಿದೆ?” ಎಂದ ಅವನು.

“ಹೋಯ್ತು,” ಎಂದಳು ಸುಯುನ್. “ಮಳೆಗೆ ಕೊಳೆತು ಹೋಯ್ತು.”

ಯಾನ್‌ಪಿಂಗ್ ಅವಳನ್ನು ನೋಡಿದ. ತಲೆಯೆತ್ತಿ ಒಂದು ಮೋಡವೂ ಇಲ್ಲದ ಆಕಾಶ ನೋಡಿದ. ಕಾಲ ಕೆಳಗೆ ಬಿಸಿಲಿಗೆ ಬಿರುಕು ಬಿಟ್ಟ ಪಾಚಿ ನೋಡಿದ. ಜಾಡಿಯೊಳಗಿನ ಹುದುಗಿನ ಮಾತು ಕೇಳಬಲ್ಲವನಿಗೆ ಈ ಮಾತಿನ ಒಳಗು ಕೇಳದೆ ಇದ್ದೀತೆ! ಅವಳ ಹಿಂದಿನ ಮೌನವನ್ನೂ ಅವನು ಕೇಳಿಸಿಕೊಂಡ; ಅದು ಯಾರ ಮೌನವೆಂದು ತಿಳಿಯಿತು, ಅವಳು ಯಾರನ್ನು ಕಾಪಾಡುತ್ತಿದ್ದಾಳೆಂದೂ ತಿಳಿಯಿತು. ತನ್ನ ಬಾಳಿನ ಬಾಗಿಲು ಮುಚ್ಚುತ್ತಿದೆಯೆಂದು ತಿಳಿದೂ ಆ ಮನುಷ್ಯ ನಿಧಾನವಾಗಿ ತಲೆಯಾಡಿಸಿದ.

“ಹೌದು,” ಎಂದ, ಒಳಗೆ ಕೇಳುವಷ್ಟು ಗಟ್ಟಿಯಾಗಿ. “ಈ ವರ್ಷ ಮಳೆ ಬಹಳ.”

“ಚಿಕ್ಕಮ್ಮನಿಗೆ ಹೂಂ ಅಂದ್ಬಿಡಿ.”

“ಆಗಲಿ.”

ತೋಫು ಕರಿಯುತ್ತಿದ್ದ ಜಿನ್ ಅಜ್ಜಿ ಇಬ್ಬರನ್ನೂ ಬಾಯಿಬಿಟ್ಟುಕೊಂಡು ನೋಡಿದಳು. “ಏನ್ರೋ ನಿಮಗೆ ಬಂದಿರೋದು? ಎಲ್ಲಿಂದ ಬಂತು ಮಳೆ? ಬಾವಿಯಲ್ಲಿ ಕೊಡ ಇಳಿಬಿಟ್ರೆ ಕಲ್ಲು ತಾಗ್ತಿದೆ, ಇವರಿಗೆ ಮಳೆಯಂತೆ ಮಳೆ!” ಯಾನ್‌ಪಿಂಗ್ ದೋಣಿಯ ಹಗ್ಗ ಬಿಚ್ಚಿದ.

ಕತ್ತಲಲ್ಲಿ ಬಾಳುವವರಿಗೆ ಮಾತು ಬರೀ ಮಾತಲ್ಲ. ಅದಕ್ಕೆ ಬಣ್ಣವಿರುತ್ತದೆ, ಆಕಾರವಿರುತ್ತದೆ. ಕುರ್ಚಿಯ ತೋಳು ಹಿಡಿದು ಕೂತ ಮೇಷ್ಟ್ರ ಮುಂದೆ ಆ ಎರಡು ಸುಳ್ಳುಗಳು ಹಣತೆ ಹಿಡಿದ ಇಬ್ಬರಂತೆ ಬಂದು ನಿಂತವು. ಇಷ್ಟು ವರ್ಷ ತಾವೊಬ್ಬರೇ ಹೇಳಿಕೊಂಡು ಬಂದ ಸುಳ್ಳನ್ನು, ಒಂದು ಹನಿಯೂ ಬೀಳದ ಈ ವರ್ಷ, ಮಗಳು ಎತ್ತಿಕೊಂಡಿದ್ದಳು. ತಮ್ಮ ಮಾನ ಉಳಿಸಲು ಎತ್ತಿಕೊಂಡಿದ್ದಳು. ಅವಳಿಗೆ ತಿಳಿದುಹೋಗಿದೆ! ತಿಳಿದೂ ಮೀನಿನ ಮುಳ್ಳು ತೆಗೆದಿದ್ದಾಳೆ, ಮೆಟ್ಟು ಜೋಡಿಸಿದ್ದಾಳೆ. ಮೆಟ್ಟಿಲ ಮೇಲಿನ ಆ ಪರಗಂಡೂ ಎಲ್ಲ ತಿಳಿದೇ ತನ್ನ ಹೆಣ್ಣನ್ನು ಬಿಟ್ಟುಕೊಟ್ಟು ಹೊರಟಿದ್ದಾನೆ. ಮೇಷ್ಟ್ರಿಗೆ ನಾಚಿಕೆಯಾಯಿತು. ಮಕ್ಕಳಿಗೆ ಧರ್ಮದ ಮೊದಲಕ್ಷರ ತಿದ್ದಿಸಿದ ಬೆರಳುಗಳು ತೋಳೊಳಗೆ ಸೇರಿ ಮುದುಡಿದವು.

“ಯಾನ್‌ಪಿಂಗ್!” ಎಂದು ಅವರು ಕೂಗಿದರು. ಎದ್ದು ನಿಂತಿದ್ದರು, ಕುರ್ಚಿ ಹಿಂದಕ್ಕೆ ಉರುಳಿತ್ತು. “ಹೋಗ್ಬೇಡ. ದೋಣಿ ನಿಲ್ಸು.”

“ಮೇಷ್ಟ್ರೇ?”

“ಚಿಕ್ಕಮ್ಮನಿಗೆ ಬೇರೆ ಹೆಣ್ಣು ನೋಡೋದು ಬೇಡ ಅಂತ ಹೇಳು. ಶರತ್ ಹುಣ್ಣಿಮೆ ದಿನ ಬಾ. ಕುಂಡ ಒಡೀತೀನಿ.”

“ಅಪ್ಪ, ಐದೇ ಇರೋದು!” ಎಂದಳು ಸುಯುನ್.

“ನನಗೆ ಲೆಕ್ಕ ಬರುತ್ತೆ. ನಿನಗೆ ಕಲಿಸಿದೋನು ನಾನೇ.” “ಎಷ್ಟು ವರ್ಷ ಅಂತ ಮಳೆ ಮೇಲೆ ಹಾಕೋದು, ಮಗಳೇ? ಅದಕ್ಕೂ ದೇವರಿದಾನೆ.”

ಹುಣ್ಣಿಮೆಯ ದಿನ ಅಂಗಳದ ಪಾರಿಜಾತಗಂಧಿ ಓಸ್ಮಂಥಸ್ ಮರ ತನ್ನ ಹೊನ್ನಿನ ಹರಳುಗಳನ್ನು ನೆಲಕ್ಕೆಲ್ಲ ಚೆಲ್ಲಿತ್ತು. ಕುಂಡದೊಳಗೆ ಬೇರುಗಳು ವರ್ಷಗಟ್ಟಲೆ ಸುತ್ತಿ ಸುತ್ತಿ ಮಣ್ಣಿನ ಗೋಡೆಗೇ ಅಂಟಿಕೊಂಡಿದ್ದುದರಿಂದ ಒಡೆಯದೆ ಬೇರೆ ದಾರಿಯಿರಲಿಲ್ಲ. ಮೇಷ್ಟ್ರು ತಾವೇ ಸುತ್ತಿಗೆ ಹಿಡಿದು, ಅಂಗೈಯಿಂದ ಕುಂಡದ ಮೈ ಸವರಿ, ಒಂದೇ ಏಟು ಕೊಟ್ಟರು. ಬೇರುಗಳ ಗಂಟು ಬಿಳಿಯ ಶಾವಿಗೆಯ ಉಂಡೆಯಂತೆ ಹೊರಬಿತ್ತು. ಗೆಡ್ಡೆಗಳ ಬೆಸುಗೆಯನ್ನು ಬೆರಳಿನಿಂದ ಹುಡುಕಿ, ಕಾಯಿಸಿದ ಕತ್ತಿಯಿಂದ ಕತ್ತರಿಸಿ, ಗಾಯಕ್ಕೆ ಬೂದಿ ಹಚ್ಚಿದರು. ಎಲೆ ತುಂಬಿದ ಮೂರು ಬುಡ ಒಂದು ಕಡೆ, ಎರಡು ಮುದಿ ಬುಡ ಇನ್ನೊಂದು ಕಡೆ. ಎರಡನ್ನು ಹೊಸ ಕುಂಡದಲ್ಲಿ ನೆಟ್ಟು, ಮೂರನ್ನು ಪಾಚಿಯಲ್ಲಿ ಸುತ್ತಿ ಮಗಳ ಮಡಿಲಿಗಿಟ್ಟರು.

“ಎರಡು ಬದುಕಲ್ಲ ಅಣ್ಣಯ್ಯ,” ಎಂದಳು ಜಿನ್ ಅಜ್ಜಿ. ಅವಳ ದನಿಯಲ್ಲಿ ಅಂದು ತಮಾಷೆ ಇರಲಿಲ್ಲ.

“ಬದುಕಿದಷ್ಟು ದಿನ ಬದುಕ್ಲಿ.”

“ಅಪ್ಪ, ಅಮ್ಮನ ಗಿಡ ಇದು. ಹೂ ಬಿಡದೆ ಹೋದ್ರೆ ವಸಂತದಲ್ಲಿ ಅಮ್ಮ...”

“ಅವಳು ದಾರಿ ತಿಳಿದೋಳು. ಎಲ್ಲಿ ಹೂವಿದ್ಯೋ ಅಲ್ಲಿಗೆ ಬರ್ತಾಳೆ. ನಿನ್ನ ಮನೆಗೆ ಬರ್ಲಿ, ನನ್ನ ಹತ್ರ ಬಹಳ ವರ್ಷ ಬಂದಿದಾಳೆ.”

ಹೆಂಡತಿಯ ವರ್ಷಕ್ಕೊಮ್ಮೆಯ ಬರವನ್ನೇ ಆ ಮನುಷ್ಯ ಮಗಳ ಮಡಿಲಿಗೆ ಹಾಕಿಬಿಟ್ಟಿದ್ದರು. ಸುಯುನ್ ಅತ್ತಳು, ಅಂದು ಮೊದಲ ಸಲ ಅಪ್ಪನೆದುರಿಗೆ, ಕುರುಡನಿಗೂ ಕೇಳುವಂತೆ ಅತ್ತಳು. ಹೂತಿಟ್ಟ ಮದ್ಯದ ಜಾಡಿ ಅಗೆದು ತೆಗೆದರು. ಯಾನ್‌ಪಿಂಗ್ ಮುಚ್ಚಳದ ಮಣ್ಣು ಬಿಡಿಸಿ ಮೂಗಿಗೊಡ್ಡಿ, ಮೊದಲ ಬಟ್ಟಲನ್ನು ಮಾವನ ಕೈಗಿಟ್ಟ. ಚಳಿಗಾಲದ ಮದ್ಯದ ಕೆಲಸ ಶುರುವಾಗುವ ಮೊದಲೇ ಕೆಂಪು ಬಟ್ಟೆ ಹೊದಿಸಿದ ದೋಣಿ ಹೊರಟಿತು. ಜಿನ್ ಅಜ್ಜಿ ಸಂಪ್ರದಾಯದಂತೆ ದೋಣಿಯ ಹಿಂದೆ ಒಂದು ಬೋಗುಣಿ ನೀರು ಚೆಲ್ಲಿದಳು: ಕೊಟ್ಟ ಹೆಣ್ಣು ಕುಲಕ್ಕೆ ಹೊರಗು, ಚೆಲ್ಲಿದ ನೀರು ಮರಳಿ ಬರುವುದಿಲ್ಲ. ಆ ಸದ್ದಿಗೇ ಮೇಷ್ಟ್ರು ಇಷ್ಟು ವರ್ಷ ಹೆದರಿದ್ದು. ಈಗ ಕೇಳಿ ಆಯಿತು. ಮರುದಿನ ಬೆಳಿಗ್ಗೆ ಮೆಟ್ಟನ್ನು ತಾವೇ ತಡವಿ ಹಾಕಿಕೊಂಡರು, ತಿರುಗುಮುರುಗಾಗಿಯೇ.

ಆದರೆ ಚೆಲ್ಲಿದ ನೀರಿಗೆ ಕಾಲು ಬಂದಿದ್ದವು! ಹೊಸ ವರ್ಷದ ಹಬ್ಬಕ್ಕೆ ಮಾತ್ರ ಬರಬೇಕಾದ ಮಗಳು ಮದ್ಯದ ದೋಣಿ ಪಟ್ಟಣಕ್ಕೆ ಹೊರಟಾಗಲೆಲ್ಲ ಜಾಡಿಗಳ ನಡುವೆ ಕೂತು ಬಂದಳು. ಬಂದವಳು ಮೊದಲು ಕುಂಡ ನೋಡುವಳು. ಎರಡು ಬುಡಗಳ ಎಲೆ ಚಳಿಗಾಲದಲ್ಲಿ ಹಳದಿಯಾದವು, ಆಮೇಲೆ ಕಂದಾದವು, ವಸಂತದ ಹೊತ್ತಿಗೆ ಒಂದೊಂದಾಗಿ ಕಳಚಿ ಬಿದ್ದು, ಮಣ್ಣಿನ ಮೇಲೆ ಉಳಿದದ್ದು ಬೋಳು ಗೆಡ್ಡೆಗಳೆರಡು.

“ಹೇಗಿದೆ?” ಎಂದು ಕೇಳುವರು ಮೇಷ್ಟ್ರು.

“ಹಸುರಾಗಿದೆ ಅಪ್ಪ.”

“ಹಾಗಾದ್ರೆ ಸರಿ,” ಎನ್ನುವರು. ಅವರು ತಾವೇ ಉದುರಿದ ಎಲೆಗಳನ್ನು ಬೆಳಿಗ್ಗೆ ಬೆರಳಿನಿಂದ ಆಯ್ದು ಎಸೆದಿರುತ್ತಿದ್ದರು. ಅವರ ನೀರು ಹನಿಸುವ ಕೆಲಸ ಮಾತ್ರ ನಿಲ್ಲಲಿಲ್ಲ. ಸತ್ತ ಗಿಡಕ್ಕೆ ನೀರು ಹಾಕುವ ಕುರುಡನೆಂದು ಜಿನ್ ಅಜ್ಜಿ ಬೇರೆಯವರ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವರ ಮುಂದೆ, “ನಿಮ್ಮ ಗಿಡಕ್ಕೆ ಹಾಕೋ ನೀರು ನನ್ನ ಮೂಲಂಗಿಗಾದ್ರೂ ಹಾಕಿದ್ರೆ ಪುಣ್ಯ ಬರ್ತಿತ್ತು,” ಎಂದು ಬೈಯುತ್ತಿದ್ದಳು. ಆ ವಸಂತದಲ್ಲಿ ಸುಯುನಳ ಮೂರು ಬುಡ ಒಂದೇ ಒಂದು ಹೂ ಬಿಟ್ಟಿತು. ಅವಳು ಕುಂಡವನ್ನೇ ದೋಣಿಯಲ್ಲಿ ತಂದು ಅಪ್ಪನಿಂದ ಎರಡು ಹೆಜ್ಜೆ ದೂರವಿಟ್ಟಳು. ಗಂಧ ಬಂತು. ಮೇಷ್ಟ್ರ ತುಟಿ ಅಲುಗಿತು.

ಮತ್ತೆ ಪ್ಲಮ್ ಹಣ್ಣಾಗುವ ಕಾಲ. ಈ ವರ್ಷ ಮೋಡ ಕಟ್ಟಿತ್ತು, ಗಾಳಿಯಲ್ಲಿ ಒದ್ದೆಮಣ್ಣಿನ ವಾಸನೆಯಿತ್ತು. ಮಧ್ಯಾಹ್ನದ ಹೊತ್ತಿಗೆ ಮದ್ಯದ ಹಳ್ಳಿಗೆ ಅಂಬಿಗನೊಬ್ಬ ಸುದ್ದಿ ತಂದ: ಮೇಷ್ಟ್ರು ಕೂಡಲೇ ಬರಹೇಳಿದ್ದಾರೆ. ಸುಯುನ್ ಗಂಡನೊಂದಿಗೆ ಓಡಿ ಬಂದರೆ, ಅಪ್ಪ ಕುಂಡದ ಮುಂದೆ ನೆಲದ ಮೇಲೆ ಕೂತಿದ್ದರು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನ ಹಾಗೆ.

“ಏನಾಯ್ತಪ್ಪ?”

“ಬೆಳಿಗ್ಗೆ ಮಣ್ಣು ಒಣಗಿದ್ಯಾ ಅಂತ ನೋಡೋಕೆ ಹೋದೆ. ಬೆರಳಿಗೆ ಏನೋ ತಾಗ್ತು. ಕಳೆಯೋ, ಏನೋ. ನೀನೇ ನೋಡು ಮಗಳೇ. ನಾನು ಕೈ ಹಾಕಲ್ಲ.”

ಸುಯುನ್ ಬಗ್ಗಿದಳು. ಬೋಳು ಗೆಡ್ಡೆಯೊಂದರ ಪಕ್ಕೆಯಿಂದ, ಮಣ್ಣಿನ ಕಣವೊಂದನ್ನು ತಲೆಯ ಮೇಲೆ ಹೊತ್ತು, ನಸುಗೆಂಪು ಸುಳಿಯೊಂದು ಎದ್ದು ನಿಂತಿತ್ತು... ಯಾನ್‌ಪಿಂಗ್ ಬಾಗಿಲಲ್ಲೇ ನಿಂತ. ಗೋಡೆಯ ಮೇಲೆ ಜಿನ್ ಅಜ್ಜಿಯ ತಲೆ ಕಂಡಿತು, ಆ ಬಾಯಿಯೂ ಮೊದಲ ಸಲ ಸುಮ್ಮನಿತ್ತು.

“ಕೈ ಕೊಡಿ ಅಪ್ಪ.”

“ಬೇಡ. ಈ ಕೈ ಬೇಡ.”

“ಕೊಡಿ. ದಾರಿ ಗೊತ್ತಿರೋ ಕೈ ಇದೇ ಅಲ್ವಾ?”

ಮೇಷ್ಟ್ರ ಮುಖ ಬಿಳಿಚಿತು. ಅವಳು ಅವರ ಬೆನ್ನ ಹಿಂದಿನಿಂದ ಬಲಗೈಯನ್ನು ಬಿಡಿಸಿ ತಂದಳು. ಮೊದಲಕ್ಷರ ತಿದ್ದಿಸುವಾಗ ಅಪ್ಪ ಅವಳ ಕೈ ಹಿಡಿದಿದ್ದಂತೆಯೇ ಹಿಡಿದು, ಆ ಹೆಬ್ಬೆರಳನ್ನು, ಉಗುರಿರುವ ಅದೇ ಹೆಬ್ಬೆರಳನ್ನು, ಸುಳಿಯ ತುದಿಗೆ ಮುಟ್ಟಿಸಿದಳು. ಮತ್ತು ತನ್ನ ಕೈ ತೆಗೆದಳು. ಬೆರಳು ಸುಳಿಯ ಉದ್ದಕ್ಕೆ ಇಳಿಯಿತು, ಏರಿತು. ಕಾಣದ ಕಣ್ಣುಗಳಿಂದ ನೀರು ಗಡ್ಡದ ಮೇಲೆ ಇಳಿಯತೊಡಗಿತು.

ಆಗ ಮಳೆಯ ಮೊದಲ ಹನಿಗಳು ಅಂಗಳದ ಕಲ್ಲಿಗೆ ಬಿದ್ದವು. ಸುಯುನ್ ಕುಂಡವನ್ನು ಒಳಗೆತ್ತಲು ಕೈ ಚಾಚಿದಳು.

“ಇರ್ಲಿ ಬಿಡು,” ಎಂದರು ಮೇಷ್ಟ್ರು. “ಮಳೆಗೆ ಕೊಳೆಯಲ್ಲ ಅದು.”

“ಹೌದಪ್ಪ,” ಎಂದಳು ಸುಯುನ್. “ಯಾವತ್ತೂ ಕೊಳೆತಿರ್ಲಿಲ್ಲ.”

ಮೂವರೂ ಸೂರಿನ ಕೆಳಗೆ, ಕುಂಡದಿಂದ ಎರಡು ಹೆಜ್ಜೆ ದೂರ, ಮಳೆ ನೋಡುತ್ತ, ಮಳೆ ಕೇಳುತ್ತ ಕೂತರು.

ಓದುಗ ಮಹಾಶಯರೇ, ಮನುಷ್ಯನ ಪ್ರೀತಿಗೆ ಹಿಡಿದುಕೊಳ್ಳುವ ಕೈಯೊಂದಿದೆ, ಬಿಟ್ಟುಕೊಡುವ ಕೈಯೊಂದಿದೆ. ಎರಡೂ ಒಂದೇ ಮೈಯದ್ದು, ಅದೇ ಅದರ ದುಃಖ, ಅದೇ ಅದರ ಹಿರಿಮೆ. ಕ್ಷಮೆಯನ್ನು ನಾವು ದೊಡ್ಡ ಮಾತುಗಳಲ್ಲಿ ಹುಡುಕುತ್ತೇವೆ. ಅದು ನಮ್ಮೂರ ಲಾನ್‌ನ ಗಂಧದಂಥದು. ಮೂಗಿಟ್ಟು ಹುಡುಕಿದವನಿಗೆ ಸಿಕ್ಕದೆ, ಹೂ ಬಿಡುವ ಮೊದಲೇ, ಇನ್ನೂ ಮಣ್ಣು ಹೊತ್ತ ಒಂದು ಸುಳಿಯ ಬಳಿಯಲ್ಲಿ, ಸುಮ್ಮನೆ ಕೂತವರಿಗೆ ಬರುತ್ತದೆ. ಅಂದು ಆ ಅಂಗಳದಲ್ಲಿ ಹೂವಿರಲಿಲ್ಲ. ಮೇಷ್ಟ್ರು ಮಾತ್ರ ಮುಖವನ್ನು ಸ್ವಲ್ಪ ಮೇಲಕ್ಕೆತ್ತಿ ಕೂತಿದ್ದರು.